ಮಾಳಿಗೆಗೆ ಹಾಕಿದ ಮಣ್ಣು

ನಮ್ಮ ಮನೆಯ ಹಿಂದಿನ ಖೋಲಿಯ ಮೂರು ಗೋಡೆಗಳನ್ನು ಅಪ್ಪ ಕಟ್ಟಲಿಲ್ಲ. ಅವು ಮೊದಲೇ ಅಲ್ಲಿದ್ದವು. ಘಾಟ್ಕೋಪರ್‌ನ ಗುಡ್ಡವನ್ನು ಒಂದು ಖೋಲಿಯಷ್ಟು ಕಡಿದು ಒಳಗೆ ಹೋದರೆ ಎಡಕ್ಕೆ, ಬಲಕ್ಕೆ, ಎದುರಿಗೆ ಗುಡ್ಡವೇ ನಿಂತಿರುತ್ತದಲ್ಲ, ಅದನ್ನೇ ಅಪ್ಪ ಗೋಡೆ ಅಂದ. ಕಲ್ಲು ಜೋಡಿಸಿ, ಗಾರೆಯ ಗಿಲಾವು ಮಾಡಿ, ಸುಣ್ಣ ಬಳಿದ. ನಾಲ್ಕನೆಯ ಕಡೆ ಇಟ್ಟಿಗೆಯ ಗೋಡೆ, ಅದರಲ್ಲಿ ಒಂದು ಬಾಗಿಲು. ಬಾಗಿಲಿನ ಈಚೆ ಮುಂದಿನ ಖೋಲಿ. ಅದಕ್ಕೆ ಓಣಿಯ ಎಲ್ಲರ ಮನೆಯಂತೆ ತಗಡಿನ ಪತ್ರಾ ಹೊದಿಕೆ. ಈ ಎರಡು ಖೋಲಿ ಸೇರಿದರೆ ನಮ್ಮ ಮನೆ.

ಅಪ್ಪ ವಿಜಾಪುರದ ಕಡೆಯವನು, ಗಾರೆ ಕೆಲಸ ಮಾಡುವ ಗೌಂಡಿ. ಈ ಊರಿನ ಎಷ್ಟೋ ಟವರುಗಳ ಗಿಲಾವಿನಲ್ಲಿ ಅವನ ಕೈಯಿದೆ. ಲೋಕಲ್‌ನಲ್ಲಿ ಹೋಗುವಾಗ ಕಿಟಕಿಯಾಚೆ ಬೆರಳು ಮಾಡಿ, ಅದರ ಹದಿನೆಂಟನೇ ಮಾಳಿಗೆ ನಂದು, ಅದರ ಜಿನಾದ ಮೆಟ್ಟಿಲು ನಂದು ಎಂದು ತೋರಿಸುತ್ತಿದ್ದ. ಕೇಳಿದವರು ಇವನೇ ಮಾಲೀಕ ಅಂದುಕೊಳ್ಳಬೇಕು, ಹಾಗೆ. ಆದರೆ ತನ್ನ ಮನೆಯ ಮಾತು ಬಂದಾಗ ಅವನಿಗೆ ಟವರಿನ ವಿದ್ಯೆ ಬೇಡವಾಗಿತ್ತು. ಹಿಂದಿನ ಖೋಲಿಯನ್ನು ಅವನು ತನ್ನ ಹಳ್ಳಿಯ ಮನೆಯಂತೆಯೇ ಮುಚ್ಚಿದ.

ನಮ್ಮ ಕಡೆ ಹಳ್ಳಿಯ ಮನೆಗಳಿಗೆ ಹೆಂಚಿಲ್ಲ. ತೊಲೆ, ಜಂತೆ, ಅದರ ಮೇಲೆ ಕಟ್ಟಿಗೆ, ಕಟ್ಟಿಗೆಯ ಮೇಲೆ ದಪ್ಪನೆಯ ಮಣ್ಣು. ಅದೇ ಮಾಳಿಗೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಮಾಳಿಗೆಯ ನಡುವೆ ಒಂದು ತೂತು ಬಿಟ್ಟಿರುತ್ತಾರೆ, ಅದು ಬೆಳಕಿಂಡಿ. ಅಪ್ಪ ಸಾಗವಾನಿ ತೊಲೆಯ ಬದಲು ಗುಜರಿಯಿಂದ ತಂದ ಹಳೆಯ ಕಬ್ಬಿಣದ ಹಳಿಗಳನ್ನು ಹಾಸಿದ. ಅದರ ಮೇಲೆ ಶಹಾಬಾದ್ ಪರಸಿಕಲ್ಲು. ಪರಸಿಯ ಮೇಲೆ ಮಣ್ಣು. ನಡುವೆ ಬೆಳಕಿಂಡಿ, ಅದರ ಮೇಲೊಂದು ಗಾಜಿನ ತುಂಡು. ಗುಡ್ಡದ ಮೇಲಿಂದ ಇಳಿದು ಬರುವವರಿಗೆ ಅಲ್ಲೊಂದು ಮನೆಯಿದೆ ಎಂದೇ ತಿಳಿಯುತ್ತಿರಲಿಲ್ಲ. ಮಳೆಗಾಲ ಬಂದರೆ ಹುಲ್ಲು ಬೆಳೆಯುತ್ತಿತ್ತು. ಓಣಿಯ ಆಡುಗಳು ನಮ್ಮ ತಲೆಯ ಮೇಲೆ ಮೇಯುತ್ತಿದ್ದವು. ಮೇಲಿನ ಹೆಜ್ಜೆ ಕೇಳಿಯೇ ಅದು ಆಡೋ, ನಾಯಿಯೋ, ಮನುಷ್ಯನೋ ಎಂದು ನಾನು ಹೇಳಬಲ್ಲವಳಾಗಿದ್ದೆ.

ಮೇ ತಿಂಗಳಲ್ಲಿ ಪತ್ರಾ ಮನೆಯಲ್ಲಿ ಇದ್ದವರಿಗೇ ಗೊತ್ತು ಆ ಸಂಕಟ. ಮಧ್ಯಾಹ್ನ ತಲೆಯ ಮೇಲೆ ಹಂಚು ಕಾಯಿಸಿ ಇಟ್ಟಂತೆ ಇರುತ್ತದೆ. ಆಗ ನಮ್ಮ ಹಿಂದಿನ ಖೋಲಿಗೆ ಓಣಿಯ ಹೆಂಗಸರೆಲ್ಲ ಬರುತ್ತಿದ್ದರು. ಪಕ್ಕದ ಮನೆಯ ಮರಾಠಿ ಮಾವಶಿಯಂತೂ ಉಂಡ ಕೂಡಲೇ ಚಾಪೆ ಹಿಡಿದು ಹಾಜರು. "ತುಮಚೀ ಎಸಿ ಖೋಲಿ" ಎಂದು ನಗುತ್ತಿದ್ದಳು. ಅಪ್ಪ ರವಿವಾರ ಮನೆಯಲ್ಲಿದ್ದರೆ ಬಾಗಿಲಲ್ಲಿ ನಿಂತು ಮಲಗಿದ ಹೆಂಗಸರ ಸಾಲನ್ನು ನೋಡಿ ಮೀಸೆ ತಿರುವಿ ಹೊರಗೆ ಹೋಗುತ್ತಿದ್ದ. ಆ ಖೋಲಿ ಅವನ ಪಾಲಿಗೆ ಬರೀ ಖೋಲಿಯಾಗಿರಲಿಲ್ಲ. ಈ ಊರಿನಲ್ಲಿ ಅವನು ತನಗಾಗಿ ಕಟ್ಟಿದ್ದು ಅದೊಂದನ್ನೇ.

ಅವ್ವ ಮಾತ್ರ ಅಲ್ಲಿ ಮಲಗುತ್ತಿರಲಿಲ್ಲ. ಎಂಥ ಸೆಕೆಯಿದ್ದರೂ ಮುಂದಿನ ಖೋಲಿಯಲ್ಲಿ ಒದ್ದೆ ಬಟ್ಟೆ ಹೊದ್ದು ಮಲಗುವಳು. ಯಾಕವ್ವಾ ಎಂದು ಕೇಳಿದರೆ, "ಅಲ್ಲಿ ಮಣ್ಣಿನ ವಾಸನಿ ಬಾಳ" ಅನ್ನುತ್ತಿದ್ದಳು. ಅವಳು ಹುಟ್ಟಿ ಬೆಳೆದದ್ದೂ ಮಾಳಿಗೆ ಮನೆಯಲ್ಲೇ. ಮಣ್ಣಿನ ವಾಸನೆ ಅವಳಿಗೆ ಹೊಸದಲ್ಲ. ನನಗೆ ಆಗ ಈ ಮಾತು ಹೊಳೆಯಲಿಲ್ಲ, ಹೊಳೆಯುವ ವಯಸ್ಸೂ ಅದಲ್ಲ.

ಮುಂದೆ ಊರಿನಲ್ಲಿ ಅಜ್ಜ ಹೋದ ಮೇಲೆ ಅಪ್ಪನ ತಾಯಿ ನಮ್ಮ ಮನೆಗೆ ಬಂದಳು. ನಾವು ಅವಳನ್ನು ಆಯಿ ಅನ್ನುತ್ತಿದ್ದೆವು. ಕುರ್ಲಾದಲ್ಲಿ ರೈಲಿನಿಂದ ಇಳಿದಾಗ ಒಂದು ಬಗಲಲ್ಲಿ ಕೌದಿಯ ಗಂಟು, ಇನ್ನೊಂದು ಕೈಯಲ್ಲಿ ಹಿತ್ತಾಳೆ ತಂಬಿಗೆ. ಗುಡ್ಡ ಹತ್ತಿ ಮನೆಗೆ ಬಂದವಳು ಮುಂದಿನ ಖೋಲಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೆಟ್ಟಗೆ ಹಿಂದಿನ ಖೋಲಿಗೆ ಹೋಗಿ, ಬೆಳಕಿಂಡಿಯ ಕೆಳಗೆ ನಿಂತು, ಮೇಲೆ ನೋಡಿ, "ಇದು ಮನಿ" ಅಂದಳು. ಆ ದಿನದಿಂದ ಅದು ಅವಳ ಖೋಲಿ. ಪೂಜೆಯ ಜಗಲಿಯ ದೇವರು ಅಲ್ಲಿ, ಅವಳ ಕೌದಿ ಅಲ್ಲಿ, ಅವಳ ಅಪ್ಪಣೆ ಮಾತ್ರ ಮನೆಯೆಲ್ಲ.

ಆಯಿಗೆ ಎರಡು ನೇಮ. ಒಂದು, ಊರಿನಿಂದ ಯಾರೇ ಬಂದರೂ ಅವರು ಹೊಸ್ತಿಲು ದಾಟುವ ಮೊದಲು ಮನೆಯ ಹಿರಿಯರ ಕೈಯಿಂದ ನೀರು ಸಿಗಬೇಕು. ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ. ಕೆಲಸ ಹುಡುಕಿಕೊಂಡು ಬರುವವರು, ಆಸ್ಪತ್ರೆಗೆಂದು ಬರುವವರು, ನಮ್ಮ ಮನೆಗೆ ಅಂಥ ಮಂದಿಗೇನೂ ಬರವಿರಲಿಲ್ಲ. ಜ್ವರ ಬಂದು ಮಲಗಿದ್ದಾಗಲೂ ಆಯಿ ಎದ್ದು, ಸೆರಗು ಹೊದ್ದು, ತಂಬಿಗೆ ಹಿಡಿದು ಬಾಗಿಲಿಗೆ ಹೋದದ್ದನ್ನು ನಾನು ಕಂಡಿದ್ದೇನೆ. ಅಪ್ಪನೂ ಹಾಗೆಯೇ. ಊರಿನ ಮಂದಿ ಬಂದರೆಂದರೆ ಉಣ್ಣುವ ತಾಟು ಬಿಟ್ಟು ಎದ್ದುಬಿಡುತ್ತಿದ್ದ. ಅವ್ವನಿಗೆ ಇದರ ಮೇಲೆ ಸಿಟ್ಟು. ತಾಟು ತಣ್ಣಗಾಗುವುದು, ಮತ್ತೆ ರೊಟ್ಟಿ ತಟ್ಟುವುದು, ಎಲ್ಲ ಅವಳ ಪಾಲಿಗೇ ತಾನೆ.

ಎರಡನೆಯ ನೇಮ ಮಾಳಿಗೆಯದು. ನಮ್ಮ ಕಡೆ ಮಿರಗದ, ಅಂದರೆ ಮೃಗಶಿರಾ, ಮಳೆ ಕೂಡುವ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯುತ್ತಾರೆ. ವರ್ಷ ವರ್ಷವೂ ಮಾಡಬೇಕು. ಮಾಡದಿದ್ದವನು ಸೋಮಾರಿ, ಅವನ ಮನೆಗೆ ಹೆಣ್ಣು ಕೊಡಬಾರದು ಎನ್ನುವಷ್ಟು ಕಟ್ಟುನಿಟ್ಟು. ಆಯಿ ಬಂದ ಮೊದಲ ವರ್ಷವೇ ಅಪ್ಪನನ್ನು ಕೇಳಿದಳು, "ತಮ್ಮಾ, ಮಾಳಿಗಿಗೆ ಮಣ್ಣ ಹಾಕಿ ಎಷ್ಟ ವರ್ಷ ಆತು?" ಅಪ್ಪ ತಲೆ ಕೆರೆದುಕೊಂಡ. ಕಟ್ಟಿದ ಮೇಲೆ ಅವನು ಹಾಕಿರಲೇ ಇಲ್ಲ. ಆಯಿ ಹಣೆ ಬಡಿದುಕೊಂಡಳು. ಮರುದಿನವೇ ಅಪ್ಪ ಸೈಟಿಗೆ ರಜೆ ಹೇಳಿ ಗುದ್ದಲಿ, ಮಣ್ಣು ಹೊರುವ ಘಮೇಲಾ ಹಿಡಿದು ಮೇಲೆ ಹತ್ತಿದ.

ಮಣ್ಣು ದೂರದಿಂದ ತರಬೇಕಾಗಿರಲಿಲ್ಲ. ಖೋಲಿಯ ಮೇಲಿನ ಇಳಿಜಾರಿನಲ್ಲಿ ಅಗೆದು, ಅಲ್ಲಿಂದಲೇ ಎಳೆದು ಮಾಳಿಗೆಯ ಮೇಲೆ ಹರಡುವುದು. ನಾನೂ ಘಮೇಲಾ ಹೊತ್ತೆ. ಆಯಿ ಕೆಳಗೆ ಓಣಿಯಲ್ಲಿ ಕಂಬಕ್ಕೆ ಒರಗಿ ನಿಂತು ಹುಕುಂ ಕೊಡುತ್ತಿದ್ದಳು. ಮಣ್ಣನ್ನು ಒಂದು ಮುಷ್ಟಿ ತರಿಸಿಕೊಂಡು, ಉಗುಳು ಹಚ್ಚಿ ತಿಕ್ಕಿ, "ಇದರಾಗ ಕಸುವ ಇಲ್ಲ. ನಮ್ಮೂರ ಕರ್ಲ ಮಣ್ಣಾಗಿದ್ರ ಇಷ್ಟ ಸಾಕಿತ್ತು. ಎರಡ ಪಟ್ಟು ಹಾಕು" ಅಂದಳು. ಅಪ್ಪ ಎರಡು ಪಟ್ಟು ಹಾಕಿದ. ಮೇಲೆ ಅಪ್ಪ ತುಳಿಯುತ್ತಿದ್ದರೆ ಕೆಳಗೆ ಅವ್ವ ಪಾತ್ರೆ ಭಾಂಡೆಗಳ ಮೇಲೆ ಸೀರೆ ಹೊದಿಸುತ್ತಿದ್ದಳು, ಸಂದಿನಿಂದ ಮಣ್ಣು ಉದುರುತ್ತಿತ್ತು.

ಆಮೇಲೆ ಇದು ವರ್ಷದ ಹಬ್ಬವೇ ಆಯಿತು. ನಾನು ಶಾಲೆ ಮುಗಿಸಿದೆ, ಕಾಲೇಜು ಮುಗಿಸಿದೆ, ಪರೇಲ್‌ನ ಒಂದು ಆಸ್ಪತ್ರೆಯ ರಿಸೆಪ್ಶನ್‌ನಲ್ಲಿ ಕೆಲಸಕ್ಕೆ ಸೇರಿದೆ. ಮಿರಗ ಬಂತೆಂದರೆ ನಮ್ಮ ಮಾಳಿಗೆಯ ಮೇಲೆ ಮಣ್ಣು ಬಿತ್ತು. ತಪ್ಪಿದ್ದೇ ಇಲ್ಲ.

ಊರಿನಲ್ಲಿ ಇದಕ್ಕೊಂದು ಅರ್ಥವಿತ್ತು. ಅಲ್ಲಿ ಬೇಸಿಗೆಯ ಗಾಳಿ ಮಾಳಿಗೆಯ ಮಣ್ಣನ್ನು ಹಾರಿಸಿಕೊಂಡು ಹೋಗುತ್ತದೆ, ಬಿದ್ದ ನಾಲ್ಕು ಮಳೆ ಇನ್ನಷ್ಟನ್ನು ತೊಳೆಯುತ್ತದೆ. ಹೋದಷ್ಟನ್ನು ತುಂಬುವುದಕ್ಕೆ ಹೊಸ ಮಣ್ಣು. ಘಾಟ್ಕೋಪರ್‌ನ ಗುಡ್ಡದ ಮಗ್ಗುಲಿಗೆ ಆ ಗಾಳಿಯೇ ಇಲ್ಲ. ಇಲ್ಲಿ ಮಳೆ ಬಂದರೆ ನಮ್ಮ ಮಣ್ಣು ತೊಳೆದು ಹೋಗುವುದಿರಲಿ, ಮೇಲಿನ ಇಳಿಜಾರಿನದೂ ಜಾರಿ ಬಂದು ನಮ್ಮ ಮಾಳಿಗೆಯ ಮೇಲೆಯೇ ಕೂರುತ್ತಿತ್ತು. ಹೋದದ್ದು ಏನೂ ಇಲ್ಲ, ಬಂದದ್ದೇ ಎಲ್ಲ. ಇದು ನಮಗೆ ಯಾರಿಗೂ ಕಾಣಲಿಲ್ಲ ಎಂದರೆ ಸುಳ್ಳು. ಕಾಣುತ್ತಿತ್ತು. ಬೆಳಕಿಂಡಿಯಲ್ಲಿ ಕಾಣುತ್ತಿತ್ತು.

ಬೆಳಕಿಂಡಿಯ ಗಾಜು ಒರೆಸುವುದು ನನ್ನ ಕೆಲಸ. ಚಿಕ್ಕವಳಿದ್ದಾಗ ಮಾಳಿಗೆ ಹತ್ತಿ ಕುಕ್ಕರಗಾಲಲ್ಲಿ ಕೂತು ಗಾಜು ಸರಿಸಿ ಕೈ ಇಳಿಬಿಟ್ಟರೆ ಮಣಿಕಟ್ಟಿನಷ್ಟಕ್ಕೆ ಪರಸಿ ಸಿಗುತ್ತಿತ್ತು. ಕೆಲವು ವರ್ಷಗಳ ಮೇಲೆ ಮೊಣಕೈಯಷ್ಟು ಆಯಿತು. ಮಣ್ಣು ಒಳಗೆ ಬೀಳಬಾರದೆಂದು ಅಪ್ಪ ತಳ ಕತ್ತರಿಸಿದ ಎಣ್ಣೆ ಡಬ್ಬಿಯೊಂದನ್ನು ಅಲ್ಲಿ ಕೂರಿಸಿದ. ಮುಂದೆ ಅದೂ ಮುಚ್ಚಿಹೋಗಿ, ಡಬ್ಬಿಯ ಮೇಲೆ ಸೈಟಿನಿಂದ ತಂದ, ತಳ ತೆಗೆದ ಬಣ್ಣದ ಬಕೆಟ್ಟು ಬಂತು. ಕೆಲಸಕ್ಕೆ ಸೇರುವ ಹೊತ್ತಿಗೆ ನಾನು ಬೋರಲು ಮಲಗಿ ಭುಜದವರೆಗೂ ತೋಳು ಇಳಿಬಿಟ್ಟರೂ ಬೆರಳಿಗೆ ಪರಸಿ ತಾಗುತ್ತಿರಲಿಲ್ಲ. ಅದೊಂದು ಸಣ್ಣ ಬಾವಿಯಾಗಿತ್ತು. ಕೆಳಗೆ ಖೋಲಿಯ ನೆಲದ ಮೇಲೆ ಮೊದಲು ಹಿಟ್ಟು ನಾದುವ ಪರಾತದಷ್ಟು ಅಗಲ ಬೀಳುತ್ತಿದ್ದ ಬಿಸಿಲು ಈಗ ರೊಟ್ಟಿಯಷ್ಟಾಗಿತ್ತು, ಅದೂ ನಡುಮಧ್ಯಾಹ್ನ ಸ್ವಲ್ಪ ಹೊತ್ತು. ಉಳಿದ ಹೊತ್ತು ಆಯಿ ಕತ್ತಲಲ್ಲೇ ಕೂತು ಹತ್ತಿ ಹೊಸೆಯುತ್ತಿದ್ದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಒಂದು ದಿನ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿಯೇ ಬಿಟ್ಟೆ.

"ಅಪ್ಪಾ, ಸೈಟಿನ್ಯಾಗ ಒಂದು ಸ್ಲ್ಯಾಬಿನ ಮ್ಯಾಲೆ ಇಷ್ಟ ಮಣ್ಣ ಹೇರಿದ್ರ ನಿನ್ನ ಇಂಜಿನಿಯರ್ ಸುಮ್ನ ಬಿಡ್ತಾನೇನು?"

"ಸೈಟ್ ಬ್ಯಾರೆ, ಮನಿ ಬ್ಯಾರೆ. ಸಿಮೆಂಟಿನ ಮ್ಯಾಲೆ ನೀರ ನಿಂದರತದ. ಮಣ್ಣ ಹಂಗಲ್ಲ. ಮಣ್ಣ ನೀರ ಕುಡೀತದ."

"ಕುಡದ ನೀರ ಎಲ್ಲಿ ಹೋಗ್ತದ?"

ಅಪ್ಪ ನಕ್ಕ. ಆಯಿಯ ಕಡೆ ನೋಡಿ, "ನೋಡವ್ವಾ, ನಿನ್ನ ಮೊಮ್ಮಗಳು ಮಾಸ್ತರಗಿರಿ ಕಲತಾಳ" ಅಂದ. ಆಯಿಯೂ ನಕ್ಕಳು. ಅವ್ವ ಮಾತ್ರ ನಗಲಿಲ್ಲ. ಅವಳು ಅಪ್ಪನ ತಾಟಿಗೆ ಪಲ್ಯ ಬಡಿಸುತ್ತ ಮೇಲೆ ಹಳಿಗಳ ಕಡೆ ಒಮ್ಮೆ ನೋಡಿದಳು.

ಆ ಹಳಿಗಳು ಜೋಲು ಬಿದ್ದಿದ್ದವು. ದಿನಾ ನೋಡುವವರಿಗೆ ಗೊತ್ತಾಗದಷ್ಟು. ಖೋಲಿಯ ಬಾಗಿಲು ಚೌಕಟ್ಟಿಗೆ ಸಿಕ್ಕಿಬೀಳುತ್ತಿತ್ತು. ಅಪ್ಪ ಅದನ್ನು ಕೀಸಿ ಕೀಸಿ ಕೊನೆಗೆ ಬಾಗಿಲನ್ನೇ ಕಿತ್ತು ಪರದೆ ಹಾಕಿದ. ಗೂಡಿನ ಕದ ತೆರೆಯದಾಯಿತು. ಗೋಡೆಯ ಗಿಲಾವು ಹೊಟ್ಟೆ ಬಿಟ್ಟಿತು, ಕೈಯಿಟ್ಟರೆ ಒಳಗೆ ಪೊಳ್ಳು. ಮಳೆಗಾಲದಲ್ಲಿ ಒಳಗಿನಿಂದ ಕಟಕಟ ಎಂದು ಸದ್ದು ಬರುತ್ತಿತ್ತು. ಆಯಿ ಇಲಿ ಅನ್ನುತ್ತಿದ್ದಳು. ಇಲಿ ಅಂದಮೇಲೆ ಅವ್ವ ಇಲಿಬೋನು ಇಟ್ಟಳು. ಆ ಬೋನಿನಲ್ಲಿ ಒಂದು ಇಲಿಯೂ ಬೀಳಲಿಲ್ಲ. ರೊಟ್ಟಿಚೂರು ಬೂಸಲು ಹಿಡಿಯಿತು.

ಅವ್ವ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದರೆ ಅತ್ತೆಯ ಖೋಲಿ ಕೆಡಿಸಲು ಹೊರಟಿದ್ದಾಳೆ ಎಂದಾಗುತ್ತಿತ್ತು. ಅವಳು ಬೇರೆ ದಾರಿ ಹಿಡಿದಳು. ಹಿಂದಿನ ಖೋಲಿಯಲ್ಲಿದ್ದ ಸಾಮಾನುಗಳನ್ನು ಒಂದೊಂದಾಗಿ ಮುಂದಕ್ಕೆ ತಂದಳು. ಮೊದಲು ಜೋಳದ ಡಬ್ಬಿ, ಕೈಗೆ ದೂರಾಗ್ತದ ಎಂದು. ಆಮೇಲೆ ಹೊಲಿಗೆ ಯಂತ್ರ, ಬೆಳಕು ಸಾಲದು ಎಂದು. ಆಮೇಲೆ ನನ್ನ ಸರ್ಟಿಫಿಕೇಟುಗಳಿದ್ದ ಪೆಟ್ಟಿಗೆ. ಒಂದೊಂದಕ್ಕೂ ಒಂದೊಂದು ನೆಪ. ಮುಂದಿನ ಖೋಲಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಕೊನೆಗೆ ಒಳಗೆ ಉಳಿದದ್ದು ಜಗಲಿಯ ದೇವರು ಮತ್ತು ಆಯಿ. ಅವೆರಡನ್ನು ಕದಲಿಸುವ ನೆಪ ಅವ್ವನಿಗೆ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಆ ದಿನಗಳಲ್ಲೇ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೇಶದಲ್ಲಿ ನೆಲದೊಳಗೆ ಮನೆ, ಮೇಲೆಲ್ಲ ಹುಲ್ಲು, ಹುಲ್ಲಿನಲ್ಲಿ ಹಳದಿ ಹೂವು. ದೊಡ್ಡ ದುಡ್ಡಿನವರು ಆಸೆಪಟ್ಟು ಕಟ್ಟಿಸಿಕೊಂಡದ್ದು. "ಕಿತನಾ ಪೀಸ್‌ಫುಲ್ ಹೈ ನಾ?" ಎಂದಳು. ಹೌದು ಅಂದೆ. ಆ ಮನೆಯವರು ಚಾವಣಿಯ ಕೆಳಗೆ ಕೂತು ಕಾಫಿ ಕುಡಿಯುತ್ತಿದ್ದರು. ನಾನು ಅವರ ಮುಖ ನೋಡಲಿಲ್ಲ. ಅವರ ತೊಲೆಗಳು ಎಷ್ಟು ದಪ್ಪವಿವೆ ಎಂದು ನೋಡಿದೆ. ಆಮೇಲೆ ದಿನಾ ಸಂಜೆ ಓಣಿಯ ತಿರುವಿಗೆ ಬಂದಾಗ ಮನೆ ಇದೆಯೋ ಇಲ್ಲವೋ ಎಂದು ನೋಡಿಯೇ ಮುಂದಿನ ಹೆಜ್ಜೆ ಇಡುತ್ತಿದ್ದೆ.

ಆ ವರ್ಷವೂ ಮಿರಗಕ್ಕೆ ಮುಂಚೆ ಅಪ್ಪ ಮಣ್ಣು ಹಾಕಿದ. ನಾನು ಘಮೇಲಾ ಮುಟ್ಟುವುದಿಲ್ಲ ಎಂದು ಹಟ ಹಿಡಿದೆ. ಅಪ್ಪ ಒಬ್ಬನೇ ಹೊತ್ತ. ಬಣ್ಣದ ಬಕೆಟ್ಟಿನ ಮೇಲೆ ಇನ್ನೊಂದು ಬಕೆಟ್ಟು ಕೂತಿತು.

ಮಳೆ ಹಿಡಿದದ್ದು ಜುಲೈಯಲ್ಲಿ. ಎರಡು ದಿನ ಬಿಡದೆ ಸುರಿಯಿತು. ಮೂರನೆಯ ದಿನ ಬೆಳಿಗ್ಗೆ ಲೋಕಲ್ ನಿಂತಿದೆ ಎಂದು ಮೊಬೈಲಿನಲ್ಲಿ ಬಂತು. ನಾನು ಕೆಲಸಕ್ಕೆ ಹೋಗಲಿಲ್ಲ, ಅಪ್ಪನ ಸೈಟೂ ಬಂದ್. ಬಹಳ ದಿನಗಳ ಮೇಲೆ ನಾಲ್ವರೂ ಮನೆಯಲ್ಲಿದ್ದೆವು. ಅವ್ವ ಮುಂದಿನ ಖೋಲಿಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಅಪ್ಪ ಚಹಾ ಕುಡಿಯುತ್ತ ಮಾವಶಿಯ ಮನೆಯ ಪತ್ರಾ ಹಾರಿದ್ದರ ಬಗ್ಗೆ ತಮಾಷೆ ಮಾಡುತ್ತಿದ್ದ. ಓಣಿ ಹಳ್ಳವಾಗಿತ್ತು. ಆ ನೀರು ಹಿಂದಿನ ದಿನದವರೆಗೂ ತಿಳಿಯಾಗಿತ್ತು. ಆ ದಿನ ಕೆಂಪಗಿತ್ತು.

ಒಳಗಿನಿಂದ ಆಯಿ ಕೂಗಿದಳು, "ತಮ್ಮಾ, ಮಾಳಿಗಿ ಸೋರಾಕತ್ತೇತಿ!"

ನಾವು ಒಳಗೆ ಹೋದೆವು. ಆಯಿಯ ಕೌದಿಯ ಮೇಲೆ ತೊಟ್ಟು ತೊಟ್ಟಾಗಿ ಕೆಸರು ಬೀಳುತ್ತಿತ್ತು. ಅದು ನೀರಾಗಿರಲಿಲ್ಲ. ಗಂಜಿಯಷ್ಟು ಗಟ್ಟಿ. ಆಯಿ ಕೌದಿಯನ್ನು ಪಕ್ಕಕ್ಕೆ ಎಳೆದುಕೊಂಡು ಕೂತಿದ್ದಳು, ಮುಖದಲ್ಲಿ ಹೆದರಿಕೆಯೇ ಇಲ್ಲ. ಊರಿನಲ್ಲಿ ಎಷ್ಟೋ ಮಳೆಗಾಲದಲ್ಲಿ ಎಷ್ಟೋ ಸಲ ಸೋರಿದ್ದನ್ನು ಕಂಡವಳು ಅವಳು. ಅದಕ್ಕೆ ಮಾಡಬೇಕಾದ್ದೂ ಅವಳಿಗೆ ಗೊತ್ತು. ಮಾಳಿಗೆ ಸೋರಿದರೆ ಗಂಡಸಾದವನು ಗೊಪ್ಪೆ ಹಾಕಿಕೊಂಡು ಮಳೆಯಲ್ಲೇ ಮೇಲೆ ಹತ್ತಿ, ಸೋರುವ ಜಾಗದ ಮೇಲೆ ನಿಂತು ಕಾಲಿನಿಂದ ತುಳಿಯಬೇಕು. ಮಣ್ಣು ಕೂಡಿಕೊಂಡು ತೂತು ಮುಚ್ಚುತ್ತದೆ. ನಮ್ಮ ಕಡೆಯ ಪ್ರತಿ ಗಂಡಸೂ ಇದನ್ನು ಮಾಡಿರುತ್ತಾನೆ, ಅವನಪ್ಪ ಮಾಡಿದ್ದನ್ನು ನೋಡಿರುತ್ತಾನೆ.

"ಹತ್ತಿ ತುಳದು ಬಾ" ಅಂದಳು ಆಯಿ.

"ಬ್ಯಾಡ್ರಿ" ಅಂದಳು ಅವ್ವ. ಇಷ್ಟು ವರ್ಷಗಳಲ್ಲಿ ಮಾಳಿಗೆಯ ವಿಷಯದಲ್ಲಿ ಅವಳು ಬಾಯಿ ಬಿಟ್ಟಿದ್ದು ಅದೇ ಮೊದಲು.

ಅಪ್ಪ ಅವಳನ್ನು ನೋಡಿದ. ಬೈಯಲಿಲ್ಲ. ಗೋಣಿಚೀಲವನ್ನು ಗೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಪಾಯಿಜಾಮವನ್ನು ಮೊಣಕಾಲಿಗೆ ಏರಿಸಿ ಹೊರಗೆ ಹೋದ. ಹೋಗುವಾಗ ನನ್ನ ತಲೆಗೊಂದು ಮೊಟಕಿ, "ಮಾಸ್ತರಬಾಯಿ, ಚಹಾ ಇನ್ನೊಂದೀಟು ಇಡು" ಎಂದ.

ಸ್ವಲ್ಪ ಹೊತ್ತಿಗೆ ಮೇಲೆ ಹೆಜ್ಜೆಯ ಸದ್ದು. ಧಪ್, ಧಪ್. ನನಗೆ ಆ ಹೆಜ್ಜೆ ಗೊತ್ತು. ಎಡಗಾಲನ್ನು ಸ್ವಲ್ಪ ಎಳೆದು ಹಾಕುವ ಹೆಜ್ಜೆ. ಧಪ್ ಎಂದಾಗಲೆಲ್ಲ ಪರಸಿಯ ಸಂದಿನಿಂದ ಮಣ್ಣು ಉದುರುತ್ತಿತ್ತು. ಅವ್ವ ಗೋಡೆಗೆ ಕೈಯೂರಿ ನಿಂತಿದ್ದಳು. ಆಮೇಲೆ ತೊಟ್ಟಿಕ್ಕುವುದು ನಿಂತಿತು. ಆಯಿ ನಮ್ಮಿಬ್ಬರ ಕಡೆ ನೋಡಿ, ನೋಡಿದಿರಾ ಎನ್ನುವ ಹಾಗೆ ತಲೆಯಾಡಿಸಿದಳು.

ಬೆಳಕಿಂಡಿ ಕತ್ತಲಾಯಿತು. ಅಪ್ಪ ಗಾಜು ಸರಿಸಿ ಒಳಗೆ ಬಗ್ಗಿ ನೋಡುತ್ತಿದ್ದ. ಆ ಆಳದ ತುದಿಯಲ್ಲಿ ಅವನ ಮುಖ ಅಂಗೈಯಷ್ಟು ಕಾಣುತ್ತಿತ್ತು. ಮೂಗಿನಿಂದ ನೀರು ಇಳಿಯುತ್ತಿತ್ತು.

"ನಿಂತಿತೇನು?"

"ನಿಂತಿತು, ಇಳದ ಬರ್ರಿ!" ಅವ್ವ ಕಿರುಚಿದಳು.

"ಇನ್ನೊಂದೀಟು ತುಳದು ಬರ್ತೀನಿ" ಎಂದ. ಮುಖ ಸರಿಯಿತು. ಮತ್ತೆ ಧಪ್, ಧಪ್.

ಆಗ ಗೋಡೆಯ ಗಿಲಾವು ಒಂದು ಕಡೆ ಕಳಚಿ ಬಿತ್ತು. ಅದರ ಹಿಂದಿನ ಕಲ್ಲುಗಳ ನಡುವೆ ನೀರು ಬುಗುಬುಗು ಬರುತ್ತಿತ್ತು. ನಡುವಿನ ಹಳಿ ಕಣ್ಣೆದುರಿಗೇ ಇಳಿಯಿತು. ಅವ್ವ ನನ್ನನ್ನು ಹೊರಗೆ ದೂಡಿ, "ಹೋಗು, ನಿಮ್ಮಪ್ಪನ್ನ ಇಳಸು" ಎಂದಳು. ನಾನು ಓಣಿಗೆ ಓಡಿದೆ. ಇಡೀ ಗುಡ್ಡದ ಪತ್ರಾಗಳ ಮೇಲೆ ಮಳೆ ಹೊಡೆಯುತ್ತಿತ್ತು, ನನ್ನ ದನಿ ನನಗೇ ಕೇಳಿಸಲಿಲ್ಲ. ಗೊಪ್ಪೆಯೊಳಗೆ ಅಪ್ಪ ತಲೆ ತಗ್ಗಿಸಿ, ಕಾಲು ಎತ್ತಿ ಎತ್ತಿ ತುಳಿಯುತ್ತಿದ್ದ. ಎರಡೂ ಕೈ ಬೀಸಿದೆ. ಅವನು ಒಮ್ಮೆ ತಲೆಯೆತ್ತಿ, ಆಯ್ತು ಆಯ್ತು ಎನ್ನುವಂತೆ ಕೈ ಮಾಡಿ ಮತ್ತೆ ತುಳಿಯತೊಡಗಿದ.

ಒಳಗೆ ಅವ್ವ ಆಯಿಯ ತೋಳು ಹಿಡಿದು ಎಳೆಯುತ್ತಿದ್ದಳು. ಇದನ್ನು ಆಮೇಲೆ ಆಯಿಯೇ ಹೇಳಿದ್ದು. ಆಯಿ ಏಳಲಿಲ್ಲ. "ದೇವರ ಬಿಟ್ಟ ಎಲ್ಲಿ ಬರ್ಲಿ? ಮ್ಯಾಲ ನನ್ನ ಮಗ ಅದಾನ, ನನಗೇನ ಆಗತದ?" ಎಂದು ಕೈ ಕೊಡವಿದಳು. ಅವ್ವ ಅವಳನ್ನು ಬಿಟ್ಟು ಹೊಸ್ತಿಲಿಗೆ ಬಂದಳು. ನಾನು ಓಣಿಯಿಂದ ಅವಳನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಖಾಲಿ ಓಣಿಯ ಕಡೆ ನೋಡಿ, ಹಿಂತಿರುಗಿ, ದಿನಾ ಮಾತಾಡುವ ದನಿಯಲ್ಲಿ ಒಳಗೆ ಹೇಳಿದಳು.

"ಅತ್ತಿ, ಊರಿಂದ ಮಂದಿ ಬಂದಾರ ನೋಡ್ರಿ. ಬಾಗಲದಾಗ ನೆನಕೋತ ನಿಂತಾರ."

ಆಯಿ ಎದ್ದಳು. ಸೆರಗು ಸರಿಮಾಡಿಕೊಂಡಳು. ಪರದೆ ಸರಿಸಿ, ಮುಂದಿನ ಖೋಲಿಗೆ ಬಂದು, ಕೊಡದಿಂದ ತಂಬಿಗೆ ತುಂಬಿ, ಬೆಲ್ಲದ ಡಬ್ಬಿಗೆ ಕೈ ಹಾಕಿ, ಬಾಗಿಲಿಗೆ ಬಂದಳು. ಬಂದು ನಿಂತು ಓಣಿಯ ಆಚೆ ಈಚೆ ನೋಡಿದಳು. ಮಳೆಯಲ್ಲಿ ನಾನೊಬ್ಬಳೇ ಇದ್ದೆ.

"ಯಾರದಾರ?" ಎಂದು ಕೇಳಿದಳು.

ದೊಡ್ಡ ಸದ್ದೇನೂ ಆಗಲಿಲ್ಲ. ಎಮ್ಮೆ ಕೆಸರಿನಲ್ಲಿ ಕುಸಿದು ಕೂತ ಹಾಗೆ ಒಂದು ಭಾರವಾದ ಸದ್ದು. ಮಾಳಿಗೆಯ ಮೇಲೆ ಗೊಪ್ಪೆ ಇತ್ತು, ಆಮೇಲೆ ಇರಲಿಲ್ಲ. ಅಪ್ಪ ನಿಂತಿದ್ದ ಜಾಗಕ್ಕೆ ಮೇಲಿನ ಇಳಿಜಾರು, ಅವನೇ ವರ್ಷ ವರ್ಷ ಅಗೆದು ಬರಿದು ಮಾಡಿದ್ದ ಇಳಿಜಾರು, ಹುಲ್ಲಿನ ಸಮೇತ ಇಳಿದು ಬಂತು. ಪರದೆಯ ಕೆಳಗಿನಿಂದ ಕೆಂಪು ಕೆಸರು ಮುಂದಿನ ಖೋಲಿಗೆ ಹರಿದು ಅವ್ವನ ಒಲೆಯವರೆಗೂ ಬಂತು.

ಓಣಿಯವರೆಲ್ಲ ಬಂದರು. ಅಗ್ನಿಶಾಮಕದವರ ಗಾಡಿ ಕೆಳಗೇ ನಿಲ್ಲಬೇಕಾಯಿತು, ಅವರು ಹಗ್ಗ ಸಲಿಕೆ ಹೊತ್ತು ಹತ್ತಿ ಬಂದರು. ನಮ್ಮ ಘಮೇಲಾಗಳಲ್ಲೇ ಮಣ್ಣು ಹೊತ್ತು ಹಾಕಿದರು. ಎಷ್ಟು ಹೊತ್ತರೂ ಮಣ್ಣು ಮುಗಿಯಲಿಲ್ಲ. ಎಷ್ಟು ವರ್ಷದ ಮಣ್ಣು ಅದು! ಮೊದಲು ಬಣ್ಣದ ಬಕೆಟ್ಟುಗಳು ಸಿಕ್ಕವು, ಆಮೇಲೆ ಎಣ್ಣೆ ಡಬ್ಬಿ. ಸಂಜೆಗೆ ಅಪ್ಪ ಸಿಕ್ಕ. ಅವನ ಮೈಮೇಲೆ ಒಂದು ಗಾಯವೂ ಇರಲಿಲ್ಲ. ಬಾಯಿ ಮೂಗಿನ ತುಂಬ ಮಣ್ಣಿತ್ತು. ನಾನು ಅಳುವ ಮೊದಲು ಸಿಟ್ಟಾದೆ. ಹೇಳಿದ್ದೆನಲ್ಲ ನಿನಗೆ, ಹೇಳಿದ್ದೆನಲ್ಲ ಎಂದು ಅವನ ಎದೆಗೆ ಗುದ್ದಿದೆ. ಮಾವಶಿ ನನ್ನನ್ನು ಹಿಡಿದು ಎಳೆದಳು. ಈಗಲೂ ಆ ಸಿಟ್ಟು ಹೋಗಿಲ್ಲ. ಅವನ ಮೇಲಿನ ಪ್ರೀತಿ ಎಷ್ಟಿದೆಯೋ ಸಿಟ್ಟೂ ಅಷ್ಟೇ ಇದೆ.

ಆಯಿ ಆ ಹೊತ್ತೆಲ್ಲ ಮಾವಶಿಯ ಮನೆಯ ಕಟ್ಟೆಯ ಮೇಲೆ ತಂಬಿಗೆ ಹಿಡಿದು ಕೂತಿದ್ದಳು. ಯಾರು ಕೇಳಿದರೂ ಕೊಡಲಿಲ್ಲ. ನೀರು ತುಳುಕಿ ತುಳುಕಿ ಅರ್ಧವಾಗಿತ್ತು.

ನಾವು ಈಗ ವಡಾಲದಲ್ಲಿದ್ದೇವೆ. ಒಂದು ಕಾಲೊನಿಯ ಹಳೆಯ ಬಿಲ್ಡಿಂಗ್, ಮೂರನೆಯ ಮಹಡಿ, ಬಾಡಿಗೆ ಮನೆ. ಎರಡೂ ಕಡೆ ಕಿಟಕಿ. ಮಣ್ಣು ಅಂತ ಇರುವುದು ತುಳಸಿಯ ಕುಂಡದಲ್ಲಿ ಮಾತ್ರ. ಆಯಿ ಇಲ್ಲಿ ಒಂದಿಷ್ಟು ಕಾಲ ಬದುಕಿದ್ದಳು. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ದಿನವಿಡೀ ಸೆರಗು ಮುಖಕ್ಕೆ ಎಳೆದುಕೊಂಡೇ ಇರುತ್ತಿದ್ದಳು. ಅವ್ವ ಅವಳಿಗೆ ಉಣಿಸಿದಳು, ಮೀಸಿದಳು, ಕಾಲೊತ್ತಿದಳು. ಏನೂ ಕಡಿಮೆ ಮಾಡಲಿಲ್ಲ. ಆದರೂ ಆಯಿ ಅವ್ವನ ಕೈಯಿಂದ ತುತ್ತು ತೆಗೆದುಕೊಳ್ಳುವ ಮೊದಲು ಎಷ್ಟೋ ಸಲ ಕೇಳುತ್ತಿದ್ದಳು.

"ನನಗ ಹೇಳಿದ ಸುಳ್ಳು ಅವಗ ಯಾಕ ಹೇಳಲಿಲ್ಲ? ಊರ ಮಂದಿ ಬಂದಾರಂದ್ರ ನನ್ನ ಮಗ ಇಳದು ಬರ್ತಿದ್ದ. ತಾಟ ಬಿಟ್ಟ ಏಳವ. ಬರ್ತಿದ್ದ."

ಅವ್ವ ತುತ್ತು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಕಾಯುತ್ತಿದ್ದಳು. ಆಯಿ ಬಾಯಿ ತೆರೆಯುವವರೆಗೂ.

ಆಯಿ ತೀರಿಕೊಂಡ ಮೇಲೆ ಒಂದು ದಿನ ನಾನೇ ಆ ಮಾತು ಎತ್ತಿದೆ. ಅವಳ ಮಾತು ಮನಸ್ಸಿಗೆ ಹಚ್ಚಿಕೋಬ್ಯಾಡವ್ವಾ, ಮಳೆಯ ಗದ್ದಲದಲ್ಲಿ ಅಪ್ಪನಿಗೆ ಕೇಳಿಸುತ್ತಿರಲಿಲ್ಲ ಎಂದೆ. ಅವ್ವ ಸೊಪ್ಪು ಸೋಸುತ್ತಿದ್ದಳು.

"ಬೆಳಕಿಂಡಿಯಾಗ ಬಗ್ಗಿ ನೋಡಿದ್ದ ನೋಡು, ಆವಾಗ ಕೇಳಸ್ತಿತ್ತು" ಎಂದಳು. "ಇಳದ ಬರ್ರಿ ಅಂದೆ. ಅದೊಂದ ಅಂದೆ. ಊರ ಮಂದಿ ಬಂದಾರ ಅನ್ನೂದು ನನಗ ಆವಾಗ ಹೊಳೀಲಿಲ್ಲ."

ಮತ್ತೆ ಸೊಪ್ಪಿನ ಕಡೆ ತಿರುಗಿದಳು. ಅವಳ ಪಕ್ಕ ಕೂತು ನಾನೂ ಸೊಪ್ಪು ಬಿಡಿಸಿದೆ.

ಈ ಸಲ ಜೂನ್‌ನಲ್ಲಿ ನಮ್ಮ ಮೇಲಿನ ಮನೆಗೆ ಹೊಸ ಸಂಸಾರವೊಂದು ಬಂದಿದೆ. ಆ ಮನೆಯ ಯಜಮಾನ ನಡೆದರೆ ನಮ್ಮ ಸೀಲಿಂಗ್ ಧಪ್ ಧಪ್ ಅನ್ನುತ್ತದೆ. ಹೋಗಿ ಜಗಳ ತೆಗೆಯಬೇಕೆಂದು ಎರಡು ಸಲ ಚಪ್ಪಲಿ ಮೆಟ್ಟಿದೆ. ಎರಡು ಸಲವೂ ಅವ್ವ ತಡೆದಳು. ಮೊನ್ನೆ ರವಿವಾರ ಮಳೆ ಜೋರಾಗಿತ್ತು. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಮೇಲೆ ಆ ಹೆಜ್ಜೆ ಶುರುವಾಯಿತು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ತಟ್ಟುವ ಸದ್ದು ನಿಂತಿತು. ಏನಾಯಿತೆಂದು ಹೋಗಿ ನೋಡಿದರೆ, ಅವ್ವ ಹಿಟ್ಟಿನ ಕೈಯಲ್ಲೇ ನಿಂತು ಮುಖ ಮೇಲೆತ್ತಿ ಸೀಲಿಂಗಿಗೆ ಹೇಳುತ್ತಿದ್ದಳು.

"ಇಳದ ಬರ್ರಿ. ಊರಿಂದ ಮಂದಿ ಬಂದಾರ."